ಹತ್ತು ಮೀಟರಿನ ಲೆಕ್ಕ

ಮಕ್ಕಳೇ, ನಿಮ್ಮ ಈ ಅಜ್ಜ 36 ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಲೆಕ್ಕದಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬವಿತ್ತು. ಕಳೆದ ತಿಂಗಳು ಅದು ಇಳಿಯಿತು. ಇಳಿಸಿದವನು ನನ್ನ ಮೊಮ್ಮಗನ ಗೆಳೆಯ, 11 ವರ್ಷದ ಪೋರ.

ಹೋದ ವರ್ಷ ಮಾವಿನ ಮರದಿಂದ ಬಿದ್ದು ಅವನ ಬೆನ್ನುಹುರಿಗೆ ಪೆಟ್ಟಾಯಿತು. ಬೆನ್ನುಮೂಳೆಯ ಒಳಗೆ ಇಳಿದುಬರುವ ನರಗಳ ಹುರಿ ಅದು. 'ಕಾಲೆತ್ತು' ಎಂದು ಮಿದುಳು ಹೇಳಿದ್ದು ಕಾಲಿಗೆ ಮುಟ್ಟುವುದು ಅದರ ಮೂಲಕವೇ. ಪೆಟ್ಟು ಬಿದ್ದ ಜಾಗದಲ್ಲಿ ಆ ಮಾತು ಪೂರ್ತಿ ನಿಂತುಹೋಗಬಹುದು, ಇಲ್ಲವೇ ಅರ್ಧಂಬರ್ಧ ದಾಟಬಹುದು. ಇವನದು ಎರಡನೆಯ ಬಗೆ.

ಒಂದು ದಿನ ಅವನ ಅಮ್ಮನ ಜೊತೆ ನಾನೂ ಆಸ್ಪತ್ರೆಗೆ ಹೋದೆ. "ಹುಡುಗ ನಡೀತಾನೋ ಇಲ್ಲವೋ, ಒಂದೇ ಮಾತಲ್ಲಿ ಹೇಳಿಬಿಡಮ್ಮ" ಎಂದೆ. ಫಿಸಿಯೋಥೆರಪಿಸ್ಟ್ ನಕ್ಕರು. "ಒಂದೇ ಮಾತಲ್ಲಿ ಆಗಲ್ಲ ಸರ್. ಇದಕ್ಕೆ 0ಯಿಂದ 20ರವರೆಗೆ 21 ಮೆಟ್ಟಿಲಿದೆ."

ಆ ಅಳತೆಯ ಇಂಗ್ಲಿಷ್ ಹೆಸರನ್ನು ಚಿಕ್ಕದು ಮಾಡಿದರೆ 'ವಿಸ್ಕಿ' ಎಂದಾಗುತ್ತದೆ. ಅಜ್ಜಿಯರು ಗಾಬರಿಯಾಗಬೇಡಿ, ಇದು ಕುಡಿಯುವುದಲ್ಲ! ನೆಲದ ಮೇಲೆ 10 ಮೀಟರ್ ಗುರುತು ಹಾಕಿರುತ್ತಾರೆ. ನಿಲ್ಲಲೂ ಆಗದಿದ್ದರೆ 0. ಯಾವ ಆಸರೆಯೂ ಇಲ್ಲದೆ ಅಷ್ಟು ದೂರ ನಡೆದರೆ 20. ನಡುವೆ ನೋಡುವುದು ಇಷ್ಟು: ಕೈಗೆ ಕಂಬಿ ಬೇಕೋ, ವಾಕರ್ ಬೇಕೋ, ಊರುಗೋಲು ಸಾಕೋ? ಕಾಲಿಗೆ ಕ್ಯಾಲಿಪರ್ ಬೇಕೋ? ಹಿಡಿದುಕೊಳ್ಳಲು ಎಷ್ಟು ಜನ ಬೇಕು?

ಮೊದಲ ಸಲ ನಮ್ಮ ಹುಡುಗ ಕ್ಯಾಲಿಪರ್ ಕಟ್ಟಿಕೊಂಡು, ಎರಡು ಕಂಬಿಗಳ ನಡುವೆ, ಇಬ್ಬರು ಹಿಡಿದರೂ 10 ಮೀಟರ್ ಮುಟ್ಟಿರಲಿಲ್ಲ. ಅದು 1ನೇ ಮೆಟ್ಟಿಲು. ಅಂದು ಕ್ಯಾಲಿಪರ್ ಕಟ್ಟಿ, ವಾಕರ್ ಹಿಡಿದು, ಯಾರೂ ಮುಟ್ಟದೆ ಗೆರೆ ದಾಟಿದ. 9ನೇ ಮೆಟ್ಟಿಲು! ಎಷ್ಟು ಸೆಕೆಂಡು ಹಿಡಿಯಿತೆಂದು ಬೇರೆಯಾಗಿ ಬರೆದುಕೊಂಡರು. 6 ನಿಮಿಷದಲ್ಲಿ ಎಷ್ಟು ದೂರ ಹೋಗಬಲ್ಲ ಎಂಬ ಇನ್ನೊಂದು ಪರೀಕ್ಷೆಯೂ ಇದೆಯಂತೆ.

ಅವರ ಪುಸ್ತಕದಲ್ಲಿ ಎರಡು ಕಾಲಂ ಇತ್ತು. ಹೆಚ್ಚೆಂದರೆ ಎಷ್ಟು ಆಗುತ್ತದೆ ಎನ್ನುವುದು ಒಂದು. ದಿನವೂ ತಾನಾಗಿ ಯಾವುದನ್ನು ಆರಿಸಿಕೊಳ್ಳುತ್ತಾನೆ ಎನ್ನುವುದು ಇನ್ನೊಂದು. ಎರಡನೆಯದು ಯಾಕೆಂದು ನನಗೆ ಹೊಳೆಯಲಿಲ್ಲ.

ಸೋಮವಾರ ನೋಡಿದರೆ ಹುಡುಗ ಗಾಲಿಕುರ್ಚಿಯಲ್ಲಿ ಶಾಲೆಗೆ ಹೊರಟಿದ್ದ. ನಾನು ಸುಮ್ಮನಿರಬೇಕಿತ್ತು. "ನಡೆಯೋಕೆ ಬಂದಮೇಲೂ ಕುರ್ಚಿ ಯಾಕೋ ಮರಿ? ಸೋಮಾರಿ ಆಗಬೇಡ" ಎಂದುಬಿಟ್ಟೆ.

ಅವನ ಮುಖ ಸಣ್ಣದಾಯಿತು. ಆಮೇಲೆ ಮೆಲ್ಲಗೆ ಹೇಳಿದ: "ನಡ್ಕೊಂಡು ಹೋದ್ರೆ ಕ್ಲಾಸಿಗೆ ಸೇರೋಷ್ಟರಲ್ಲಿ ಸುಸ್ತಾಗ್ತೀನಿ ತಾತ. ಗಣಿತ ತಲೆಗೇ ಹೋಗಲ್ಲ. ಮನೇಲಿ ವಾಕರ್, ಸ್ಕೂಲಿಗೆ ಕುರ್ಚಿ."

ಎರಡನೆಯ ಕಾಲಂ ಆಗ ಅರ್ಥವಾಯಿತು. ಖಾತೆಯಲ್ಲಿ ಹಣವಿದೆ ಎಂದು ಅಷ್ಟನ್ನೂ ಬೆಳಿಗ್ಗೆಯೇ ಖರ್ಚು ಮಾಡುವವನನ್ನು ಯಾರಾದರೂ ಜಾಣ ಎನ್ನುತ್ತಾರೆಯೇ? ಹುಡುಗ ತನ್ನ ಶಕ್ತಿಯನ್ನು ಲೆಕ್ಕ ಹಾಕಿ ಖರ್ಚು ಮಾಡುತ್ತಿದ್ದ. ಲೆಕ್ಕ ತಪ್ಪಿದ್ದು ನನ್ನದು. "ತಪ್ಪಾಯ್ತು ಮರಿ" ಎಂದೆ.

ಅಜ್ಜ ಅಜ್ಜಿಯರೇ, ಬೆಳೆಯುವ ಮಕ್ಕಳ ಎತ್ತರ, ತೂಕ ಬದಲಾಗುತ್ತದೆ, ಕ್ಯಾಲಿಪರ್ ಚಿಕ್ಕದಾಗುತ್ತದೆ. ಅದಕ್ಕೇ ಮತ್ತೆ ಮತ್ತೆ ಅಳೆಯುತ್ತಾರೆ. ಮೆಟ್ಟಿಲು ಏರಬಹುದು, ಇಳಿಯಲೂಬಹುದು. ಇಳಿದರೆ ಮಗುವಿನ ತಪ್ಪಲ್ಲ. ಅಂಥ ಮಗು ಸಿಕ್ಕಾಗ "ಯಾವಾಗ ನಡೀತೀಯ?" ಎನ್ನಬೇಡಿ. "ಇವತ್ತು ಸ್ಕೂಲಲ್ಲಿ ಏನಾಯ್ತು?" ಎಂದು ಕೇಳಿ.

ಮಕ್ಕಳೇ, ನೆನಪಿರಲಿ: ಯಾರಾದರೂ ಎತ್ತರದಿಂದ ಬಿದ್ದರೆ ಎಬ್ಬಿಸಿ ಕೂರಿಸಬೇಡಿ, ಕೈಕಾಲು ಹಿಡಿದು ಎತ್ತಬೇಡಿ. ತಲೆ, ಕುತ್ತಿಗೆ ಅಲುಗದಂತೆ ಮಲಗಿದಲ್ಲೇ ಇರಲಿ. ದೊಡ್ಡವರನ್ನು ಕೂಗಿ, 108ಕ್ಕೆ ಫೋನ್ ಮಾಡಿಸಿ.