ವೇಗದ ಮಿತಿಯೂ ಕ್ಯಾಮೆರಾದ ಕಣ್ಣೂ

ಮನುಷ್ಯನಿಗೆ ವೇಗದ ಮೇಲಿರುವ ಮೋಹ ಇಂದು ನಿನ್ನೆಯದಲ್ಲ. ನಮ್ಮ ಪುರಾಣಗಳಲ್ಲಿ ಪುಷ್ಪಕವಿಮಾನವುಂಟು, ವಾಯುವೇಗ ಮನೋವೇಗಗಳಿಂದ ಓಡುವ ಕುದುರೆಗಳುಂಟು. ಆದರೆ ಆ ರಥಗಳು ಓಡಿದ ದಾರಿಯನ್ನು ಚೀಲ ಹೆಗಲಿಗೇರಿಸಿದ ಶಾಲೆಯ ಮಕ್ಕಳು ದಾಟುತ್ತಿದ್ದರೆಂದು ಪುರಾಣಕಾರರು ಹೇಳಿದಂತೆ ಕಾಣೆ. ನಮ್ಮ ಮುಂಬಯಿಯಲ್ಲಾದರೋ ರಥಿಕನಿಗೂ ಪಾದಚಾರಿಗೂ ಇರುವುದು ಒಂದೇ ದಾರಿ. ಆದುದರಿಂದ ಇಲ್ಲಿ ವೇಗಕ್ಕೆ ಮಿತಿ ಬೇಕಾಯಿತು. ಮಿತಿಯನ್ನು ಕಾಯಲು ಕ್ಯಾಮೆರಾ ಬಂದಿತು. ಕ್ಯಾಮೆರಾದ ಬೆನ್ನ ಹಿಂದೆಯೇ ಮೋಟಾರು ನಡೆಸುವವರ ಅಸಮಾಧಾನವೂ ಬಂದಿತು.

ವಿದ್ಯಾರ್ಥಿ ಮಿತ್ರರೇ, ಈ ಅಸಮಾಧಾನದ ಮಾತು ನಿಮ್ಮಲ್ಲಿ ಹಲವರ ಮನೆಗಳಲ್ಲಿಯೇ ಕೇಳಿಬರುತ್ತಿರಬೇಕು. ನಮ್ಮ ಶಾಲೆಗಳ ಮಕ್ಕಳ ತಂದೆಯರಲ್ಲಿ ಟ್ಯಾಕ್ಸಿ ಓಡಿಸುವವರಿದ್ದಾರೆ, ಟೆಂಪೋ ಓಡಿಸುವವರಿದ್ದಾರೆ, ಹೋಟೆಲಿನ ಸಾಮಾನನ್ನು ಸ್ಕೂಟರಿನ ಮೇಲೆ ಸಾಗಿಸುವವರಿದ್ದಾರೆ. ದಿನವಿಡೀ ದುಡಿದು ಮನೆಗೆ ಬಂದಾಗ ಮೊಬೈಲಿನಲ್ಲಿ ಜುಲ್ಮಾನೆಯ ಸಂದೇಶ ಕಾಣಿಸಿಕೊಂಡರೆ ಅವರ ಮುಖ ಬಾಡುವುದು ಸಹಜ. ಅವರ ದೂರಿನಲ್ಲಿ ನಿಜವೆಷ್ಟು, ಕೇವಲ ಸಿಟ್ಟೆಷ್ಟು ಎಂಬುದನ್ನು ನಿಷ್ಪಕ್ಷಪಾತವಾಗಿ ವಿಚಾರಿಸುವುದು ಅಗತ್ಯ. ನಾಳೆ ಚಕ್ರ ಹಿಡಿಯುವವರು ನೀವು. ಇಂದು ರಸ್ತೆ ದಾಟುವವರೂ ನೀವೇ.

ವೇಗದ ಮಿತಿ ಬದಲಾಗುವುದು ಹೊಸ ಸಂಗತಿಯೇನೂ ಅಲ್ಲ. ಇಂಗ್ಲೆಂಡಿನಲ್ಲಿ ೧೮೬೫ರಲ್ಲಿ ಮಾಡಿದ ಕಾನೂನಿನಂತೆ, ಯಂತ್ರಬಲದಿಂದ ಓಡುವ ಗಾಡಿ ಊರೊಳಗೆ ಗಂಟೆಗೆ ೨ ಮೈಲಿ, ಊರ ಹೊರಗೆ ೪ ಮೈಲಿಗಿಂತ ಹೆಚ್ಚಿನ ವೇಗದಲ್ಲಿ ಹೋಗಕೂಡದಾಗಿತ್ತು. ಅದರ ಮುಂದೆ ಕೆಂಪು ಬಾವುಟ ಹಿಡಿದವನೊಬ್ಬನು ನಡೆದುಹೋಗಬೇಕಾಗಿತ್ತು. ೧೮೯೬ರ ಜನವರಿಯಲ್ಲಿ ಕೆಂಟ್ ಪ್ರಾಂತದಲ್ಲಿ ವಾಲ್ಟರ್ ಆರ್ನಾಲ್ಡ್ ಎಂಬಾತನು ಗಂಟೆಗೆ ೮ ಮೈಲಿ ವೇಗದಲ್ಲಿ ಮೋಟಾರು ನಡೆಸಿದನೆಂದು ಪೋಲೀಸಿನವನೊಬ್ಬನು ಸೈಕಲ್ಲಿನ ಮೇಲೆ ಬೆನ್ನಟ್ಟಿ ಹಿಡಿದನು. ಆ ವೇಗಕ್ಕಾಗಿ ತೆರಬೇಕಾದ ಜುಲ್ಮಾನೆ ಒಂದು ಶಿಲ್ಲಿಂಗು. ಅದೇ ವರ್ಷದ ನವೆಂಬರಿನಲ್ಲಿ ಹೊಸ ಕಾನೂನು ಜಾರಿಗೆ ಬಂದು ಮಿತಿ ೧೪ ಮೈಲಿಗೆ ಏರಿತು. ವರ್ಷದ ಆರಂಭದಲ್ಲಿ ಅಪರಾಧವಾಗಿದ್ದುದು ವರ್ಷ ಮುಗಿಯುವುದರೊಳಗೆ ನ್ಯಾಯವಾಯಿತು! ವೇಗದ ಮಿತಿಯು ಮನುಷ್ಯರು ತಮ್ಮ ಕಾಲದ ರಸ್ತೆ, ಯಂತ್ರ, ಜನಸಂದಣಿಗಳನ್ನು ನೋಡಿ ಮಾಡಿಕೊಂಡ ಏರ್ಪಾಡೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಕಾರಣವಿದ್ದಾಗ ಅದು ಬದಲಾಗಬಹುದು, ಬದಲಾಗಲೂ ಬೇಕು. ಆದರೆ ಆ ಕಾರಣ ಜನರಿಗೆ ತಿಳಿದಿರಬೇಕು.

ಕ್ಯಾಮೆರಾದ ಕಥೆ ಇನ್ನೂ ಸ್ವಾರಸ್ಯವಾದದ್ದು. ವೇಗ ಅಳೆಯುವ ಈ ಯಂತ್ರಕ್ಕೆ ಮೂಲಪುರುಷರಲ್ಲೊಬ್ಬನು ಹಾಲೆಂಡಿನ ಮಾರಿಸ್ ಗಾಟ್ಸೊನಿಡೀಸ್. ೧೯೫೩ರ ಮಾಂಟೆ ಕಾರ್ಲೋ ಮೋಟಾರು ಪಂದ್ಯದಲ್ಲಿ ಗೆದ್ದ ಈತನು ತಿರುವುಗಳಲ್ಲಿ ತನ್ನ ವೇಗವೆಷ್ಟೆಂದು ಅರಿತು, ಅದನ್ನು ಇನ್ನೂ ಹೆಚ್ಚಿಸಿಕೊಳ್ಳಲೆಂದು ಅಳತೆಯ ಉಪಕರಣವನ್ನು ಕಲ್ಪಿಸಿದನು. ಓಟಗಾರನ ಹಂಬಲದಿಂದ ಹುಟ್ಟಿದ ಸಾಧನವೇ ಮುಂದೆ ಓಟಗಾರರನ್ನು ಹಿಡಿಯುವ ಸಾಧನವಾಯಿತು. ಇಂದಿನ ಕ್ಯಾಮೆರಾಗಳಲ್ಲಿ ಎರಡು ಬಗೆ. ಒಂದು, ಗಾಡಿ ಎದುರಿಗೆ ಬಂದ ಕ್ಷಣದ ವೇಗವನ್ನು ಅಳೆಯುತ್ತದೆ. ಮತ್ತೊಂದು, ನಂಬರು ಪ್ಲೇಟನ್ನು ಎರಡು ಕಡೆಗಳಲ್ಲಿ ಓದಿ, ನಡುವಣ ದೂರವನ್ನು ಹಿಡಿದ ಕಾಲದಿಂದ ಭಾಗಿಸುತ್ತದೆ. ೧೦ ಕಿಲೋಮೀಟರನ್ನು ೫ ನಿಮಿಷದಲ್ಲಿ ಕ್ರಮಿಸಿದವನ ಸರಾಸರಿ ವೇಗ ಗಂಟೆಗೆ ೧೨೦ ಎಂಬುದನ್ನು ಐದನೆಯ ತರಗತಿಯ ಹುಡುಗನೂ ಹೇಳಬಲ್ಲನು. ಕ್ಯಾಮೆರಾ ಕಂಡಾಗ ಮಾತ್ರ ಬ್ರೇಕು ಒತ್ತಿ, ಅದು ಹಿಂದಾದೊಡನೆ ನಾಗಾಲೋಟಕ್ಕೆ ತೊಡಗುವವನ ಜಾಣತನ ಈ ಎರಡನೆಯ ಬಗೆಯ ಮುಂದೆ ನಡೆಯದು.

ಇನ್ನು ನಮ್ಮ ನಗರಕ್ಕೆ ಬರೋಣ. ೨೦೨೪ರ ಜನವರಿಯಲ್ಲಿ ಸಮುದ್ರದ ಮೇಲಣ ಅಟಲ್ ಸೇತು ತೆರೆದಾಗ ಅಲ್ಲಿ ಕಾರುಗಳಿಗೆ ೧೦೦ ಕಿಲೋಮೀಟರಿನ ಮಿತಿಯನ್ನೂ, ಏರುವ ಇಳಿಯುವ ಕಡೆಗಳಲ್ಲಿ ೪೦ರ ಮಿತಿಯನ್ನೂ ಗೊತ್ತುಪಡಿಸಿದರು. ಅದೇ ವರ್ಷದ ಮಾರ್ಚಿನಲ್ಲಿ ಕರಾವಳಿ ರಸ್ತೆಯ ಮೊದಲ ಭಾಗ ತೆರೆಯಿತು. ಅಲ್ಲಿ ನೇರ ದಾರಿಯಲ್ಲಿ ೮೦, ಸುರಂಗದೊಳಗೆ ೬೦, ತಿರುವುಗಳಲ್ಲಿ ೪೦. ಜುಲೈ ತಿಂಗಳಲ್ಲಿ ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಕ್ಯಾಮೆರಾಗಳ ಹೊಸ ವ್ಯವಸ್ಥೆ ಜಾರಿಗೆ ಬಂದಿತು. ಆಗ ಕಾರುಗಳಿಗೆ ಬಯಲಿನಲ್ಲಿ ೧೦೦, ಘಾಟಿಯಲ್ಲಿ ೬೦. ಭಾರದ ಗಾಡಿಗಳಿಗೆ ಬಯಲಿನಲ್ಲಿ ೮೦, ಘಾಟಿಯಲ್ಲಿ ೪೦ ಎಂಬ ಮಿತಿಯಿತ್ತು. ಒಂದೇ ಪಯಣದಲ್ಲಿ ನಾಲ್ಕಾರು ಮಿತಿಗಳು! ಸಾಲದುದಕ್ಕೆ, ಮೇಲಿನವರಲ್ಲಿಯೇ ಏಕಾಭಿಪ್ರಾಯವಿಲ್ಲದ ಪ್ರಸಂಗವೂ ಉಂಟು. ೨೦೧೮ರ ಏಪ್ರಿಲಿನಲ್ಲಿ ಕೇಂದ್ರ ಸರಕಾರವು ಎಕ್ಸ್‌ಪ್ರೆಸ್ ಹೆದ್ದಾರಿಗಳಲ್ಲಿ ಕಾರುಗಳ ಗರಿಷ್ಠ ಮಿತಿಯನ್ನು ೧೨೦ಕ್ಕೆ ಏರಿಸಿತು. ೨೦೨೧ರಲ್ಲಿ ಮದರಾಸಿನ ಉಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ರದ್ದುಪಡಿಸಿತು. ಸರಕಾರವೂ ನ್ಯಾಯಾಲಯವೂ ಭಿನ್ನಾಭಿಪ್ರಾಯ ತಳೆದ ವಿಷಯದಲ್ಲಿ ಸಾಮಾನ್ಯ ಡ್ರೈವರನು ಗೊಂದಲಕ್ಕೊಳಗಾದರೆ ಅವನನ್ನು ಹಳಿಯುವಂತಿಲ್ಲ.

ಮೋಟಾರು ನಡೆಸುವವರ ದೂರುಗಳು ಮುಖ್ಯವಾಗಿ ಮೂರು. ಮಿತಿ ಪದೇ ಪದೇ ಬದಲಾಗುತ್ತದೆ, ಫಲಕ ಮರದ ಮರೆಯಲ್ಲೋ ಜಾಹೀರಾತಿನ ಮರೆಯಲ್ಲೋ ಇರುತ್ತದೆ ಎಂಬುದು ಮೊದಲನೆಯದು. ತಪ್ಪು ನಡೆದುದು ಒಂದು ದಿನ, ಅದು ತಿಳಿಯುವುದು ಮತ್ತೆಂದೋ, ಅಷ್ಟರಲ್ಲಿ ಜುಲ್ಮಾನೆಯ ಮೇಲೆ ಜುಲ್ಮಾನೆ ಬೆಳೆದಿರುತ್ತದೆ ಎಂಬುದು ಎರಡನೆಯದು. ಇದೆಲ್ಲವೂ ಬೊಕ್ಕಸ ತುಂಬಿಸುವ ಉಪಾಯವೆಂಬುದು ಮೂರನೆಯದು. ೨೦೧೯ರ ತಿದ್ದುಪಡಿಯಾದ ಕಾನೂನಿನಂತೆ ಅತಿವೇಗಕ್ಕೆ ಹಗುರ ಗಾಡಿಗಳಿಗೆ ೧,೦೦೦ದಿಂದ ೨,೦೦೦ ರೂಪಾಯಿ, ಭಾರದ ಗಾಡಿಗಳಿಗೆ ೨,೦೦೦ದಿಂದ ೪,೦೦೦ ರೂಪಾಯಿ ಜುಲ್ಮಾನೆಯುಂಟು. ಲಕ್ಷಗಟ್ಟಲೆ ಬೆಲೆಯ ಕಾರಿನ ಧನಿಕನಿಗೆ ಇದು ಒಂದು ಊಟದ ಖರ್ಚು. ಟ್ಯಾಕ್ಸಿಯವನಿಗೆ ಎರಡು ಮೂರು ದಿನಗಳ ದುಡಿಮೆ. ೨೦೨೫ರ ಜುಲೈ ಆರಂಭದಲ್ಲಿ ಮಹಾರಾಷ್ಟ್ರದ ಸಾರಿಗೆ ಮಾಲೀಕರು ಇ-ಚಲಾನಿನ ವಿರುದ್ಧ ಮುಷ್ಕರ ಹೂಡಿದಾಗ ಅವರ ಕೋಪದ ಹಿಂದೆ ಈ ಸಂಕಟವೂ ಇತ್ತೆಂಬುದನ್ನು ಮರೆಯಲಾಗದು.

ಹಾಗಾದರೆ ಮಿತಿಯೇ ಬೇಡವೆನ್ನೋಣವೇ? ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಗಂಟೆಗೆ ೬೦ ಕಿಲೋಮೀಟರ್ ವೇಗದ ಕಾರೊಂದರ ಮುಂದೆ ಹುಡುಗನೊಬ್ಬನು ಓಡಿಬಂದನೆಂದು ಭಾವಿಸಿ. ಡ್ರೈವರನು ಕಂಡು ಬ್ರೇಕಿನ ಮೇಲೆ ಕಾಲಿಡಲು ಒಂದು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಕಾರು ಸುಮಾರು ೧೭ ಮೀಟರ್ ಸಾಗಿರುತ್ತದೆ. ಒಣ ರಸ್ತೆ, ಒಳ್ಳೆಯ ಬ್ರೇಕು ಇದ್ದರೂ ಅದು ನಿಲ್ಲಲು ಮತ್ತೆ ಸುಮಾರು ೨೦ ಮೀಟರ್ ಬೇಕು. ಒಟ್ಟು ೩೭ ಮೀಟರ್. ಅದೇ ಕಾರು ೮೦ರ ವೇಗದಲ್ಲಿದ್ದರೆ ಕಾಲಿಡುವ ಮೊದಲೇ ೨೨ ಮೀಟರ್, ಬ್ರೇಕು ಹಿಡಿದ ಮೇಲೆ ಸುಮಾರು ೩೫ ಮೀಟರ್, ಒಟ್ಟು ೫೭ ಮೀಟರ್. ಮೊದಲನೆಯ ಕಾರು ಪೂರ್ಣವಾಗಿ ನಿಂತ ಸ್ಥಳಕ್ಕೆ ಬಂದಾಗ ಎರಡನೆಯದರ ವೇಗ ಇನ್ನೂ ಗಂಟೆಗೆ ಸುಮಾರು ೬೦ ಕಿಲೋಮೀಟರ್ ಇರುತ್ತದೆ! ಹುಡುಗನು ಅಲ್ಲಿಯೇ ನಿಂತಿದ್ದರೆ ಗತಿಯೇನು? ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆಂದು ವಿಜ್ಞಾನದ ತರಗತಿಯಲ್ಲಿ ನೀವು ಓದಿರುವ ಸೂತ್ರ ರಸ್ತೆಯ ಮೇಲೆ ಹೀಗೆ ಅರ್ಥ ಪಡೆಯುತ್ತದೆ.

ಇಷ್ಟು ಅಪಾಯಕ್ಕೆ ಪ್ರತಿಯಾಗಿ ಸಿಕ್ಕುವ ಲಾಭವೆಷ್ಟು? ೧೦ ಕಿಲೋಮೀಟರ್ ದಾರಿಗೆ ೬೦ರ ವೇಗದಲ್ಲಿ ೧೦ ನಿಮಿಷ, ೮೦ರ ವೇಗದಲ್ಲಿ ಏಳೂವರೆ ನಿಮಿಷ. ಉಳಿತಾಯ ಎರಡೂವರೆ ನಿಮಿಷ. ಅದನ್ನೂ ಮುಂದಿನ ಸಿಗ್ನಲ್ಲಿನ ಕೆಂಪು ದೀಪ ನುಂಗಿಹಾಕುತ್ತದೆ. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಕೇಂದ್ರ ಸರಕಾರದ ವರದಿಯಂತೆ ೨೦೨೨ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು ೧,೬೮,೪೯೧ ಮಂದಿ. ಎಂದರೆ ದಿನಕ್ಕೆ ೪೬೦ಕ್ಕೂ ಹೆಚ್ಚು. ಈ ಸಾವುಗಳಲ್ಲಿ ನೂರಕ್ಕೆ ೭೧ಕ್ಕೆ ಅತಿವೇಗವೇ ಕಾರಣವೆಂದು ಅದೇ ವರದಿ ಹೇಳುತ್ತದೆ.

ಮಿತಿಯೂ ಕ್ಯಾಮೆರಾವೂ ವ್ಯರ್ಥವಲ್ಲವೆಂಬುದಕ್ಕೆ ನಮ್ಮ ಕನ್ನಡ ನಾಡಿನಲ್ಲಿಯೇ ಒಂದು ನಿದರ್ಶನವಿದೆ. ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ೨೦೨೩ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ರಸ್ತೆ ನುಣುಪಾಯಿತು, ವೇಗ ಹೆಚ್ಚಿತು, ಮೊದಲ ತಿಂಗಳುಗಳಲ್ಲಿಯೇ ಅನೇಕರು ಪ್ರಾಣ ತೆತ್ತರು. ಬಳಿಕ ೧೦೦ರ ಮಿತಿಯನ್ನು ಬಿಗಿಯಾಗಿ ಜಾರಿಗೆ ತಂದರು, ಆಗಸ್ಟ್ ೧ರಿಂದ ಸ್ಕೂಟರು, ಆಟೋರಿಕ್ಷಾ ಮೊದಲಾದ ನಿಧಾನದ ಗಾಡಿಗಳನ್ನು ಮುಖ್ಯ ದಾರಿಯಿಂದ ಬದಿಯ ದಾರಿಗೆ ಕಳುಹಿಸಿದರು, ಕ್ಯಾಮೆರಾಗಳನ್ನು ನಿಲ್ಲಿಸಿದರು. ಮರುವರ್ಷ ಸಾವುಗಳು ಬಹಳವಾಗಿ ಇಳಿದವು. ಕ್ಯಾಮೆರಾ ಒಂದರಿಂದಲೇ ಇದಾಯಿತೆನ್ನಲಾಗದು. ಆದರೆ ಕ್ಯಾಮೆರಾದ ಪಾಲು ಅದರಲ್ಲಿಲ್ಲವೆಂದೂ ಹೇಳಲಾಗದು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ಮಿತಿ ಇರಲಿ, ಕ್ಯಾಮೆರಾ ಇರಲಿ, ಆದರೆ ಎರಡೂ ಪ್ರಾಮಾಣಿಕವಾಗಿರಲಿ. ಇದು ಉದಾರವಾಗಿ ಬೇಡುವ ಕೃಪೆಯಲ್ಲ, ಕಾನೂನೇ ವಿಧಿಸಿರುವ ಕರ್ತವ್ಯ. ೧೯೮೮ರ ಮೋಟಾರು ವಾಹನ ಕಾನೂನಿನ ೧೧೨ನೆಯ ವಿಧಿಯಂತೆ, ರಾಜ್ಯ ಸರಕಾರವು ಒಂದು ರಸ್ತೆಗೆ ಬೇರೆ ಮಿತಿ ಹಾಕುವುದಾದರೆ ಗೆಜೆಟ್ಟಿನಲ್ಲಿ ಪ್ರಕಟಿಸುವುದಷ್ಟೇ ಅಲ್ಲದೆ ತಕ್ಕ ಸ್ಥಳಗಳಲ್ಲಿ ಫಲಕಗಳನ್ನೂ ನಿಲ್ಲಿಸಬೇಕು. ೨೦೨೧ರ ಆಗಸ್ಟಿನಲ್ಲಿ ಬಂದ ನಿಯಮಗಳಂತೆ, ಕ್ಯಾಮೆರಾ ಕಾಯುವ ದಾರಿಯಲ್ಲಿ ಮುಂದಾಗಿ ಎಚ್ಚರಿಕೆಯ ಫಲಕವಿರಬೇಕು. ತಪ್ಪು ನಡೆದ ೧೫ ದಿನಗಳೊಳಗೆ ನೋಟೀಸು ಕಳುಹಿಸಬೇಕು. ಯಂತ್ರದ ಅಳತೆ ಸರಿಯಾಗಿದೆಯೆಂಬ ಪ್ರಮಾಣಪತ್ರವನ್ನು ವರ್ಷವರ್ಷವೂ ನವೀಕರಿಸಬೇಕು. ಕಾಗದದ ಮೇಲೆ ಇಷ್ಟು ಚೆನ್ನಾಗಿ ಬರೆದುದನ್ನು ರಸ್ತೆಯ ಮೇಲೆ ಕಾಣುವಂತೆ ಮಾಡುವುದು ಅಧಿಕಾರಿಗಳ ಹೊಣೆ. ೮೦ರಿಂದ ಒಮ್ಮೆಲೆ ೪೦ಕ್ಕೆ ಇಳಿಸುವ ಕಡೆ ನಡುವೆ ೬೦ರ ಫಲಕವೊಂದಿರಬೇಕು. ಇಲ್ಲವಾದರೆ ಥಟ್ಟನೆ ಬ್ರೇಕು ಹಿಡಿದ ಗಾಡಿಗೆ ಹಿಂದಿನದು ಬಂದು ಬಡಿದೀತು. ಘಾಟಿಯ ಇಳಿಜಾರಿನಲ್ಲಿ ಭಾರ ಹೊತ್ತ ಲಾರಿಯ ಮಿತಿಯನ್ನು ಗೊತ್ತುಮಾಡುವಾಗ ಎಂಜಿನಿಯರನ ಮಾತಿನೊಡನೆ ಲಾರಿ ನಡೆಸುವವನ ಮಾತನ್ನೂ ಕೇಳಬೇಕು. ಜುಲ್ಮಾನೆ ಸರಿಯಲ್ಲವೆನ್ನುವ ಬಡವನಿಗೆ ದಿನಗೂಲಿ ಕಳೆದುಕೊಳ್ಳದೆ ತನ್ನ ವಾದವನ್ನು ಹೇಳಿಕೊಳ್ಳುವ ಅನುಕೂಲವಿರಬೇಕು. ವಸೂಲಾದ ಹಣ ಎಷ್ಟು, ಅದರಲ್ಲಿ ಪಾದಚಾರಿಗಳ ಸೇತುವೆಗೆ, ದೀಪಕ್ಕೆ, ಫಲಕಕ್ಕೆ ಎಷ್ಟು ವೆಚ್ಚವಾಯಿತೆಂದು ಪ್ರತಿವರ್ಷ ಪ್ರಕಟಿಸಿದರೆ ಬೊಕ್ಕಸದ ಅಪವಾದ ತಾನಾಗಿ ಕಳೆಯುತ್ತದೆ. ಕ್ಯಾಮೆರಾವನ್ನು ಮರೆಯಲ್ಲಿ ಬಚ್ಚಿಟ್ಟು ಬೇಟೆಯಾಡಿದರೆ ಜನ ಕ್ಯಾಮೆರಾಕ್ಕೆ ಹೆದರುತ್ತಾರೆ, ಜೀವಕ್ಕೆ ಬೆಲೆ ಕೊಡಲು ಕಲಿಯುವುದಿಲ್ಲ.

ಇತ್ತ ಮೋಟಾರು ನಡೆಸುವವರಿಗೂ ಒಂದು ಮಾತು ಹೇಳಬೇಕಾಗಿದೆ. ಫಲಕ ಕಾಣಲಿಲ್ಲವೆಂಬ ನೆಪ ಶಾಲೆಯ ಮುಂದೆಯೂ ಆಸ್ಪತ್ರೆಯ ಮುಂದೆಯೂ ಸಲ್ಲದು. ಮಕ್ಕಳು ಕಂಡಮೇಲೆ ಮಿತಿಯನ್ನು ಸಾರಲು ಬೇರೆ ಫಲಕವೇಕೆ? ಪಾದಚಾರಿಗಳೂ ಗಾಡಿಗಳೂ ಬೆರೆತು ಓಡಾಡುವ ಕಡೆ ೩೦ ಕಿಲೋಮೀಟರಿಗಿಂತ ಹೆಚ್ಚು ವೇಗ ಕೂಡದೆಂದು ೨೦೨೦ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ಜಾಗತಿಕ ಸಮ್ಮೇಳನ ಸಾರಿತು. ಅದನ್ನು ಪಾಲಿಸಲು ನಮಗೆ ಪರದೇಶದ ಸಮ್ಮೇಳನವೇ ಬೇಕೆಂದೇನೂ ಇಲ್ಲ.

ಕೊನೆಯದಾಗಿ, ನಿಮ್ಮ ಪಾಲಿನ ಕರ್ತವ್ಯ. ಗಾಡಿಯ ವೇಗವನ್ನು ಡ್ರೈವರನೊಬ್ಬನೇ ಹೆಚ್ಚಿಸುವುದಿಲ್ಲ. ಹಿಂದೆ ಕುಳಿತವರ ಅವಸರವೂ ಹೆಚ್ಚಿಸುತ್ತದೆ. ಗಂಟೆ ಹೊಡೆಯಲು ಐದು ನಿಮಿಷವಿರುವಾಗ ರಿಕ್ಷಾ ಏರಿ “ಬೇಗ ಹೋಗಿ ಅಂಕಲ್” ಎನ್ನುವ ವಿದ್ಯಾರ್ಥಿಯೂ, ಮೊಬೈಲಿನಲ್ಲಿ ತಿಂಡಿ ತರಿಸಿ ನಿಮಿಷ ಎಣಿಸುವ ಗಿರಾಕಿಯೂ ಆ ವೇಗದಲ್ಲಿ ಪಾಲುದಾರರು. ಹತ್ತು ನಿಮಿಷ ಮೊದಲು ಮನೆ ಬಿಟ್ಟರೆ ಒಬ್ಬ ರಿಕ್ಷಾದವನಿಗೆ ಜುಲ್ಮಾನೆ ತಪ್ಪೀತು, ಒಂದು ಜೀವವೂ ಉಳಿದೀತು. ಹದಿನೆಂಟು ತುಂಬುವ ಮುನ್ನ ಅಣ್ಣನ ಬೈಕನ್ನು ಕೇಳಲೇಬೇಡಿ. ಅಪ್ರಾಪ್ತ ವಯಸ್ಸಿನವನು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕನಿಗೆ ೨೫,೦೦೦ ರೂಪಾಯಿ ಜುಲ್ಮಾನೆಯೂ ಮೂರು ವರ್ಷಗಳವರೆಗೆ ಸೆರೆವಾಸವೂ ೨೦೧೯ರ ಕಾನೂನಿನಲ್ಲಿದೆ. ನಿಮ್ಮ ಬೀದಿಯ ವೇಗದ ಫಲಕ ಮರೆಯಾಗಿದ್ದರೆ, ಅಕ್ಷರ ಅಳಿಸಿದ್ದರೆ, ನಗರಪಾಲಿಕೆಗೆ ತರಗತಿಯ ಪರವಾಗಿ ಒಂದು ಪತ್ರ ಬರೆಯಿರಿ. ಪತ್ರಲೇಖನದ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ದೊರೆಯದು. ನಾಲ್ಕು ಹಳ್ಳಿಗಳಿಂದ, ನಾಲ್ಕು ಜಿಲ್ಲೆಗಳಿಂದ ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದವರ ಮಕ್ಕಳು ನಾವು. ಸಂಜೆ ಗಾಡಿ ಓಡಿಸಿ ಬರುವ ತಂದೆಯೂ, ಶಾಲೆ ಮುಗಿಸಿ ರಸ್ತೆ ದಾಟಿ ಬರುವ ಮಗುವೂ ಇಬ್ಬರೂ ಕ್ಷೇಮವಾಗಿ ಮನೆ ಸೇರಬೇಕು. ವೇಗದ ಮಿತಿಯನ್ನು ಹಾಕುವವರೂ, ಅದಕ್ಕೆ ಒಳಗಾಗುವವರೂ ಈ ಒಂದು ಉದ್ದೇಶವನ್ನು ನೆನಪಿನಲ್ಲಿಟ್ಟರೆ ಅವರ ಜಗಳದಲ್ಲಿ ಬಹುಭಾಗ ತೀರಿದಂತೆಯೇ ಸರಿ.