ಸ್ಟಾರ್ ಟ್ರೆಕ್ ನೋಡದೇ ಸ್ಟಾರ್ ಟ್ರೆಕ್ ಓದಿದ್ದು

"ಸೀರಿಯಲ್ ನೋಡದೆ ಇದನ್ನ ಓದಿದ್ರೆ ಏನೂ ತಲೆಗೆ ಹೋಗಲ್ಲ. ಮೊದ್ಲು ಎಲ್ಲಾ ಎಪಿಸೋಡ್ ನೋಡು."

ಜೇಮ್ಸ್ ಬ್ಲಿಷ್ ಬರೆದ 'ಸ್ಟಾರ್ ಟ್ರೆಕ್' ಕಥಾಸಂಕಲನ ನನ್ನ ಕೈಯಲ್ಲಿ ಕಂಡ ಕೂಡಲೇ ಗೆಳೆಯನೊಬ್ಬ ಕೊಟ್ಟ ಉಪದೇಶ ಇದು. ಎಲ್ಲಾ ಅಂದ್ರೆ ಎಷ್ಟು ಗೊತ್ತಾ? 1966ರಿಂದ 1969ರವರೆಗೆ ಅಮೆರಿಕದ ಎನ್‌ಬಿಸಿಯಲ್ಲಿ ಬಂದ ಮೂಲ ಸರಣಿಯೇ 79 ಕಂತು. ಆಮೇಲಿನ ಸರಣಿಗಳು, ಸಿನಿಮಾಗಳು ಬೇರೆ. ಅಷ್ಟೂ ನೋಡಿ ಮುಗಿಸೋ ಹೊತ್ತಿಗೆ ಪುಸ್ತಕಕ್ಕೆ ಗೆದ್ದಲು ಹಿಡಿದಿರುತ್ತೆ :)

ನಾನು ಇಷ್ಟು ವರ್ಷ ಸೈನ್ಸ್ ಫಿಕ್ಷನ್ ಕಡೆ ತಲೆ ಹಾಕದೇ ಇದ್ದದ್ದಕ್ಕೆ ಇಂಥ ಮಾತುಗಳೇ ಕಾರಣ. ಈ ಸಲ ಕೇಳಲಿಲ್ಲ, ಓದಿಯೇಬಿಟ್ಟೆ. ಈಗ ನನ್ನ ಅಭಿಪ್ರಾಯ ಅವನದಕ್ಕೆ ಪೂರ್ತಿ ಉಲ್ಟಾ. ಇಂಥ ಪುಸ್ತಕ ಚೆನ್ನಾಗಿದೆಯೋ ಇಲ್ಲವೋ ಅಂತ ಹೇಳೋಕೆ ಸರಿಯಾದ ಜನ ಅಂದ್ರೆ ಸೀರಿಯಲ್ ನೋಡದವರೇ.

1967ರಲ್ಲಿ ಬ್ಯಾಂಟಮ್‌ನವರು ಪ್ರಕಟಿಸಿದ ಈ ಮೊದಲ ಸಂಕಲನದಲ್ಲಿ 7 ಕಥೆಗಳಿವೆ, ಒಂದೊಂದೂ ಟೀವಿಯಲ್ಲಿ ಬಂದ ಒಂದೊಂದು ಕಂತು. ಆಗ ಮನೆಮನೆಯಲ್ಲಿ ವಿಸಿಆರ್ ಇರಲಿಲ್ಲ. ಕಂತು ತಪ್ಪಿದರೆ ತಪ್ಪಿತು, ಮರುಪ್ರಸಾರ ಆಗೋವರೆಗೂ ಕಾಯಬೇಕು. ನೋಡಿದ್ದನ್ನ ಮತ್ತೆ ನೆನಪಿಸಿಕೊಳ್ಳೋಕೆ ಅಭಿಮಾನಿಗಳಿಗೆ ಸಿಕ್ಕಿದ್ದು ಈ ಪುಸ್ತಕ. ಈಗ ಎಲ್ಲಾ ಕಂತೂ ನೋಡೋಕೆ ಸಿಗುತ್ತೆ, ನೆನಪಿಗೆ ಅಂತ ಪುಸ್ತಕ ಬೇಕಿಲ್ಲ. ಹಾಗಾಗಿ ಇವತ್ತು ಅದು ಕಥೆಯಾಗಿಯೇ ಗೆಲ್ಲಬೇಕು.

ಬ್ಲಿಷ್ ಸಾಮಾನ್ಯ ಆಸಾಮಿ ಅಲ್ಲ, 'ಎ ಕೇಸ್ ಆಫ್ ಕಾನ್ಷಿಯನ್ಸ್' ಕಾದಂಬರಿಗೆ 1959ರಲ್ಲಿ ಹ್ಯೂಗೋ ಪ್ರಶಸ್ತಿ ಪಡೆದವರು. ಅವರು ಈ ಕಥೆಗಳನ್ನ ಬರೆದದ್ದು ಮುಖ್ಯವಾಗಿ ಸ್ಕ್ರಿಪ್ಟ್ ಇಟ್ಟುಕೊಂಡು. ಶೂಟಿಂಗ್ ಹೊತ್ತಿಗೆ ಸ್ಕ್ರಿಪ್ಟ್ ಬದಲಾಗೋದು ಮಾಮೂಲು, ಹಾಗಾಗಿ ಪುಸ್ತಕ ಅಲ್ಲಲ್ಲಿ ಟೀವಿಯ ದಾರಿ ಬಿಟ್ಟು ಹೋಗುತ್ತೆ. ಟೀವಿ ನೋಡಿದವರಿಗೆ ಅದು ತಪ್ಪು. ನನಗೆ ಅದೇ ಕಥೆ!

ನನ್ನನ್ನ ಹಿಡಿದು ಕೂರಿಸಿದ್ದು 'ದಿ ಕಾನ್ಷಿಯನ್ಸ್ ಆಫ್ ದಿ ಕಿಂಗ್'. ದೂರದ ಗ್ರಹವೊಂದರ ವಸಾಹತಿನಲ್ಲಿ 8000 ಜನ. ಆಹಾರವೆಲ್ಲ ಹಾಳಾಗುತ್ತೆ. ಎಲ್ಲರೂ ಸಾಯೋ ಬದಲು ಅರ್ಧ ಜನ ಉಳಿಯಲಿ ಅಂತ ಅಲ್ಲಿನ ಗವರ್ನರ್ ಇನ್ನರ್ಧ ಜನರನ್ನ ಕೊಲ್ಲಿಸ್ತಾನೆ. ಯಾರು ಬದುಕಬೇಕು ಅಂತ ಆರಿಸಿದವನೂ ಅವನೇ. ಆಮೇಲೆ ನೋಡಿದ್ರೆ ಸಹಾಯದ ಹಡಗು ಎಣಿಸಿದ್ದಕ್ಕಿಂತ ಮೊದಲೇ ಬಂದುಬಿಡುತ್ತೆ. ಇಪ್ಪತ್ತು ವರ್ಷ ಕಳೆದ ಮೇಲೆ ಷೇಕ್ಸ್‌ಪಿಯರ್ ನಾಟಕವಾಡೋ ತಂಡದ ಮುದುಕ ನಟನೊಬ್ಬನೇ ಆ ಗವರ್ನರ್ ಇರಬಹುದಾ ಅಂತ ಅನುಮಾನ. ಅವನ ಮುಖ ನೋಡಿ ಬದುಕುಳಿದ ಕೆಲವೇ ಮಂದಿಯಲ್ಲಿ ಕ್ಯಾಪ್ಟನ್ ಕರ್ಕ್ ಒಬ್ಬ. ಈ ಸಂಕಟ ಅರ್ಥ ಆಗೋಕೆ ಎಷ್ಟು ಕಂತು ನೋಡಿರಬೇಕು ಹೇಳಿ?

ಹಾಗಂತ ಎಲ್ಲಾ ಚೆನ್ನಾಗಿದೆ ಅಂತಿಲ್ಲ. ಉಹುರಾ ಅನ್ನೋ ಅಧಿಕಾರಿ ಇದ್ದಾಳೆ. ಪುಸ್ತಕದಲ್ಲಿ ನನ್ನ ಪಾಲಿಗೆ ಬರೀ ಒಂದು ಹೆಸರಾಗಿದ್ದಳು. ಆಮೇಲೆ ಗೊತ್ತಾಯ್ತು, ಆ ಪಾತ್ರ ಮಾಡಿದವರು ನಿಶೆಲ್ ನಿಕೋಲ್ಸ್. 1966ರ ಅಮೆರಿಕದ ಟೀವಿಯಲ್ಲಿ ಒಬ್ಬ ಕಪ್ಪು ಹೆಣ್ಣುಮಗಳು ಅಧಿಕಾರಿಯ ಕುರ್ಚಿಯಲ್ಲಿ! ಅವರು ಸೀರಿಯಲ್ ಬಿಡೋಕೆ ಹೊರಟಾಗ ಬಿಡಬೇಡಿ ಅಂತ ಸ್ವತಃ ಮಾರ್ಟಿನ್ ಲೂಥರ್ ಕಿಂಗ್ ಹೇಳಿದ್ದರಂತೆ, ನಿಕೋಲ್ಸ್ ಅವರೇ ಹೇಳಿಕೊಂಡಿದ್ದಾರೆ. ತೆರೆ ಮೇಲೆ ಸುಮ್ಮನೆ ಕೂತಿದ್ದರೂ ಆಕೆ ಕಣ್ಣಿಗೆ ಕಾಣ್ತಾಳೆ. ಪುಟದ ಮೇಲೆ ಮಾತಾಡದವರು ಇಲ್ಲವೇ ಇಲ್ಲ. ಅದನ್ನ ತುಂಬಿಕೊಡಬೇಕಾದ್ದು ಲೇಖಕ, ಬ್ಲಿಷ್ ತುಂಬಿಲ್ಲ. ಸೀರಿಯಲ್ ನೋಡಿದವರು ತಮ್ಮ ನೆನಪಿನಿಂದ ಆ ಜಾಗ ತುಂಬಿಕೊಂಡು ಮುಂದೆ ಹೋಗ್ತಾರೆ, ಅವರಿಗೆ ಕೊರತೆ ಗೊತ್ತೇ ಆಗಲ್ಲ. ನಾನು ಮಾತ್ರ ಎಡವಿದೆ.

ಯಕ್ಷಗಾನದಲ್ಲಿ ರಂಗಕ್ಕೆ ಬಂದ ಪಾತ್ರ ತಾನು ಯಾರು, ಯಾಕೆ ಬಂದೆ ಅಂತ ಮೊದಲು ಪೀಠಿಕೆ ಹೇಳುತ್ತೆ. ಎದುರು ಕೂತವರಿಗೆಲ್ಲ ಭಾರತದ ಕಥೆ ಗೊತ್ತಿದ್ದರೂ ಹೇಳುತ್ತೆ. ಮೊದಲ ಸಲ ಬಂದು ಕೂತ ಮಗುವಿಗೂ ಅಲ್ಲೊಂದು ಚಾಪೆ ಇದೆ ಅಂತ ಅರ್ಥ. ಕರ್ಣ ಯಾರು ಅಂತ ಗೊತ್ತಿಲ್ಲದಿದ್ರೆ ಎದ್ದು ಹೋಗು ಅಂತ ಯಾರೂ ಅನ್ನಲ್ಲ.

ಗೆಳೆಯನಿಗೆ ಇದನ್ನೇ ಹೇಳಿದೆ. "ಸರಿ, ಈಗಲಾದ್ರೂ ಸೀರಿಯಲ್ ನೋಡ್ತೀಯಾ?" ಅಂದ. ನೋಡ್ತೀನಿ ಮಾರಾಯ. ಆದ್ರೆ ಮೊದಲು ನೋಡೋದು ಆ ಮುದುಕ ನಟನ ಕಂತು, ಅದೂ ಉಹುರಾ ಎಲ್ಲಿ ಕೂತಿದ್ದಾಳೆ ಅಂತ ಹುಡುಕ್ತಾ.