ಪೌರತ್ವಕ್ಕೂ ಬಂತು ಬೆಲೆ ಚೀಟಿ: ತೋಟ ಮಾರಿ ದೇಶ ಕೊಂಡರೆ ಕೈಗೆ ಬರುವುದೇನು?

ಕೊಬ್ಬರಿಗೆ ಬೆಲೆ ಕಟ್ಟುವುದನ್ನು ತಿಪಟೂರಿನವರಿಗೆ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. ಮಾಲು ನೋಡಿ, ಮುಟ್ಟಿ, ಕೈಯಲ್ಲಿ ತೂಗಿ ನೋಡಿ ದರ ಹೇಳುವ ಜನ ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆದರೆ ಈಚಿನ ವರ್ಷಗಳಲ್ಲಿ ಜಗತ್ತಿನ ಪೇಟೆಗೆ ಒಂದು ಹೊಸ ಮಾಲು ಬಂದಿದೆ. ಮುಟ್ಟಲು ಬರುವುದಿಲ್ಲ, ತೂಗಲು ಬರುವುದಿಲ್ಲ. ಅದರ ಹೆಸರು ಪೌರತ್ವ. ಇಷ್ಟು ಡಾಲರು ಇಡಿ, ನಮ್ಮಲ್ಲೊಂದು ಮನೆಯೋ ಹೋಟೆಲಿನ ಪಾಲೋ ಕೊಳ್ಳಿ, ಪಾಸ್‌ಪೋರ್ಟು ತೆಗೆದುಕೊಂಡು ಹೋಗಿ ಎಂದು ಕೆಲವು ದೇಶಗಳು ಅಂಗಡಿ ತೆರೆದು ಕೂತಿವೆ.

ಇದು ದುಬೈ, ಲಂಡನ್ನಿನ ಕುಬೇರರ ವಿಷಯ, ತುರುವೇಕೆರೆ ಬಸ್ಸಿನಲ್ಲಿ ನಿಂತು ಹೋಗುವ ನಮಗೇಕೆ ಅನ್ನಬಹುದು. ಹಾಗಲ್ಲ ಸ್ವಾಮಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನ ದುಡ್ಡಿನಿಂದ ಓದಿ ಬೆಂಗಳೂರು ಸೇರಿ, ಅಲ್ಲಿಂದ ಅಮೆರಿಕಕ್ಕೋ ದುಬೈಗೋ ಹಾರಿದ ಮಕ್ಕಳು ಕಡಿಮೆಯೇನಿಲ್ಲ. ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಏಜೆಂಟರು ಸಭೆ ನಡೆಸಿ ಇದೇ ಮಾಲನ್ನು ಮಾರುತ್ತಾರೆ. ಮಗ ಫೋನು ಮಾಡಿ "ಅಪ್ಪಾ, ಕೆಳಗಿನ ತೋಟ ಕೊಟ್ಟುಬಿಟ್ಟರೆ ಎಷ್ಟು ಬರುತ್ತೆ?" ಎಂದು ಕೇಳಿದ ದಿನ ಈ ಜಗತ್ತಿನ ಪೇಟೆ ನಮ್ಮ ಮನೆಯ ಅಟ್ಟದ ತನಕ ಬಂದಂತೆಯೇ ಸರಿ.

ಕಬ್ಬು ಕೈಕೊಟ್ಟ ದ್ವೀಪ

ಈ ವ್ಯಾಪಾರ ಶುರು ಮಾಡಿದ್ದು ಯಾರು? ಕೆರಿಬಿಯನ್ ಕಡಲಿನ ಸೇಂಟ್ ಕಿಟ್ಸ್ ಮತ್ತು ನೆವಿಸ್ ಎಂಬ ಪುಟ್ಟ ದೇಶ. ಅಲ್ಲಿನ ಜನ ಸುಮಾರು ಐವತ್ತು ಸಾವಿರ, ಹೆಚ್ಚೂ ಕಡಿಮೆ ನಮ್ಮ ತಿಪಟೂರು ಪಟ್ಟಣದ ಲೆಕ್ಕ. 1983ರಲ್ಲಿ ಸ್ವತಂತ್ರವಾಯಿತು, 1984ರಲ್ಲೇ ಹಣ ಹೂಡುವವರಿಗೆ ಪೌರತ್ವ ಕೊಡುವ ಕಾನೂನು ಮಾಡಿತು. ಅವರದು ಮುನ್ನೂರು ವರ್ಷ ಕಬ್ಬು ನಂಬಿ ಬದುಕಿದ ನಾಡು. ಸಕ್ಕರೆ ಬೆಲೆ ಬಿದ್ದು ನಷ್ಟದ ಮೇಲೆ ನಷ್ಟವಾಗಿ 2005ರಲ್ಲಿ ಸರ್ಕಾರ ಸಕ್ಕರೆ ಉದ್ಯಮವನ್ನೇ ಮುಚ್ಚಿತು. ಆಮೇಲೆ ಪಾಸ್‌ಪೋರ್ಟು ಬಯಸುವವರು ಕೊಡುವ ದೇಣಿಗೆಗೆ ಒಂದು ನಿಧಿ ಮಾಡಿದರು. ಆ ನಿಧಿಯ ಹೆಸರಿನಲ್ಲೇ ಸಕ್ಕರೆ ಇತ್ತು!

ಒಂದೇ ಬೆಳೆ ನಂಬಿದವನ ಪಾಡು ನಮಗೆ ಗೊತ್ತಿರುವುದೇ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಪೇಟೆ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು. 2025ರಲ್ಲಿ ಅದೇ ಕೊಬ್ಬರಿ ಇಪ್ಪತ್ತು ಸಾವಿರ ದಾಟಿತು. ಬೆಳೆ ಕೈಕೊಟ್ಟಾಗ ಮನುಷ್ಯ ಏನು ಸಿಕ್ಕಿದರೆ ಅದನ್ನು ಮಾರುತ್ತಾನೆ. ಆ ದ್ವೀಪದವರು ತಮ್ಮ ಪಾಸ್‌ಪೋರ್ಟು ಮಾರಿದರು. ಅವರನ್ನು ನೋಡಿ ಡೊಮಿನಿಕಾ, ಗ್ರೆನಡಾ, ಆಂಟಿಗುವಾಗಳೂ ಅಂಗಡಿ ಇಟ್ಟವು. ಪೈಪೋಟಿಯಲ್ಲಿ ದರ ಇಳಿಯತೊಡಗಿದಾಗ ಈ ನಾಲ್ಕೂ ದೇಶಗಳು 2024ರ ಮಾರ್ಚ್‌ನಲ್ಲಿ ಒಪ್ಪಂದ ಮಾಡಿಕೊಂಡು, 2 ಲಕ್ಷ ಡಾಲರಿಗಿಂತ ಕಡಿಮೆಗೆ ಮಾರುವುದಿಲ್ಲ ಎಂದು ನಿಶ್ಚಯಿಸಿದವು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪಾಸ್‌ಪೋರ್ಟಿಗೆ ಬೆಂಬಲ ಬೆಲೆ!

ಕೊಬ್ಬರಿ ಲೆಕ್ಕದಲ್ಲಿ ನೋಡಿ

ಡಾಲರಿಗೆ 85 ರೂಪಾಯಿಯಂತೆ ಹಿಡಿದರೂ 2 ಲಕ್ಷ ಡಾಲರು ಎಂದರೆ 1 ಕೋಟಿ 70 ಲಕ್ಷ ರೂಪಾಯಿ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ 12,100 ರೂಪಾಯಿ. ಆ ದರದಲ್ಲಿ 1,400 ಕ್ವಿಂಟಲು ಕೊಬ್ಬರಿ ಬೇಕು. ಕಿಲೋಗೆ ಏಳು ಕಾಯಿ ಎಂದಿಟ್ಟುಕೊಂಡರೆ ಹತ್ತಿರ ಹತ್ತಿರ ಹತ್ತು ಲಕ್ಷ ಕಾಯಿ. ಇದು ಕಟ್ಟಕಡೆಯ ದರ ಮಾತ್ರ. ಏಜೆಂಟರ ಫೀಜು, ವಕೀಲರ ಫೀಜು, ಹೆಂಡತಿ ಮಕ್ಕಳ ಅರ್ಜಿ, ತನಿಖೆಯ ಖರ್ಚು ಬೇರೆ.

ಇನ್ನು ಅಮೆರಿಕದ ಮಾತು. 1990ರಿಂದ ಅಲ್ಲಿ ಇಬಿ-5 ಎಂಬ ಯೋಜನೆ ಇದೆ. 2022ರ ಮಾರ್ಚ್‌ನಲ್ಲಿ ಬದಲಾದ ನಿಯಮದಂತೆ ಹಿಂದುಳಿದ ಪ್ರದೇಶಗಳಲ್ಲಾದರೆ 8 ಲಕ್ಷ ಡಾಲರು ಹೂಡಬೇಕು, ಹತ್ತು ಜನಕ್ಕೆ ಪೂರ್ಣಾವಧಿ ಕೆಲಸ ಹುಟ್ಟಬೇಕು. ಸಿಗುವುದು ಗ್ರೀನ್ ಕಾರ್ಡು, ಪೌರತ್ವವಲ್ಲ. ಪೌರತ್ವಕ್ಕೆ ಆಮೇಲೂ ಐದು ವರ್ಷ ಕಾಯಬೇಕು. 2025ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಸಾಹೇಬರು 10 ಲಕ್ಷ ಡಾಲರಿನ "ಗೋಲ್ಡ್ ಕಾರ್ಡ್" ಆದೇಶ ಹೊರಡಿಸಿದರು. ಅದೂ ವಾಸದ ಪರವಾನಗಿಯೇ ಹೊರತು ಪೌರತ್ವದ ಪತ್ರವಲ್ಲ.

ಹಿಂಬಾಗಿಲಿನಿಂದ ನುಗ್ಗುವ ಉಪಾಯವೂ ಒಂದಿತ್ತು. ಗ್ರೆನಡಾ ದೇಶಕ್ಕೂ ಅಮೆರಿಕಕ್ಕೂ ವ್ಯಾಪಾರ ಒಪ್ಪಂದ ಇದೆ, ಭಾರತಕ್ಕೆ ಅಂಥದ್ದಿಲ್ಲ. ಆದ್ದರಿಂದ ಮೊದಲು ಗ್ರೆನಡಾ ಪ್ರಜೆಯಾಗಿ, ಅಲ್ಲಿಂದ ವ್ಯಾಪಾರದ ವೀಸಾ ಮೇಲೆ ಅಮೆರಿಕ ಸೇರುವುದು. ಅಮೆರಿಕದವರು ಸುಮ್ಮನಿರುತ್ತಾರೆಯೇ? 2022ರ ಡಿಸೆಂಬರ್‌ನಲ್ಲಿ ಕಾನೂನು ತಂದರು: ದುಡ್ಡು ಕೊಟ್ಟು ಪೌರತ್ವ ಪಡೆದವನು ಆ ದೇಶದಲ್ಲಿ ಮೂರು ವರ್ಷ ನೆಲೆಸಿದ್ದರೆ ಮಾತ್ರ ಈ ವೀಸಾ. ಏಜೆಂಟರ ಬಣ್ಣದ ಕಾಗದದಲ್ಲಿ ಈ ಸಾಲು ದೊಡ್ಡ ಅಕ್ಷರದಲ್ಲಿದೆಯೇ ಎಂದು ನೋಡಿಕೊಳ್ಳುವುದು ಕೊಳ್ಳುವವನ ಕೆಲಸ.

ಒಂದೊಂದೇ ಬಾಗಿಲು ಬಂದ್

ಯುರೋಪಿನಲ್ಲಂತೂ ಈ ಅಂಗಡಿಗಳು ಸಾಲಾಗಿ ಷಟರ್ ಎಳೆಯುತ್ತಿವೆ. ಸೈಪ್ರಸ್ 2020ರ ನವೆಂಬರ್‌ನಲ್ಲಿ ಮುಚ್ಚಿತು. ಬ್ರಿಟನ್ 2022ರ ಫೆಬ್ರವರಿಯಲ್ಲಿ, ಐರ್ಲೆಂಡ್ 2023ರ ಫೆಬ್ರವರಿಯಲ್ಲಿ ಹೂಡಿಕೆ ವೀಸಾ ನಿಲ್ಲಿಸಿದವು. 2023ರ ಅಕ್ಟೋಬರ್‌ನಲ್ಲಿ ಪೋರ್ಚುಗಲ್ "ಮನೆ ಕೊಂಡರೆ ವೀಸಾ" ಎಂಬ ದಾರಿಯನ್ನು ತೆಗೆದುಹಾಕಿತು. ಸ್ಪೇನ್ 2025ರ ಏಪ್ರಿಲ್ 3ರಂದು ಯೋಜನೆಯನ್ನೇ ಕೈಬಿಟ್ಟಿತು. ಸ್ಪೇನ್ ಸರ್ಕಾರ ಕೊಟ್ಟ ಕಾರಣ ಗಮನಾರ್ಹ. ಹೊರಗಿನವರು ದುಡ್ಡು ಸುರಿದು ಮನೆ ಕೊಳ್ಳುತ್ತಿದ್ದರೆ ಊರಿನವನಿಗೆ ಬಾಡಿಗೆಗೂ ಮನೆ ಎಟುಕುವುದಿಲ್ಲ ಎಂಬುದು. ಮಾಲ್ಟಾ ದೇಶದ ಯೋಜನೆಯನ್ನು ಯುರೋಪಿನ ನ್ಯಾಯಾಲಯ 2025ರ ಏಪ್ರಿಲ್ 29ರಂದು ಕಾನೂನುಬಾಹಿರ ಎಂದಿತು. ಪೌರತ್ವ ಎನ್ನುವುದು ಕೊಡು-ಕೊಳ್ಳುವ ವ್ಯಾಪಾರವಾಗಕೂಡದು ಎಂಬುದು ಅದರ ಸಾರ.

ಈ ಅನುಮಾನಕ್ಕೆ ಕಾರಣವಿಲ್ಲದೆ ಇಲ್ಲ. ಪಂಜಾಬ್ ನ್ಯಾಷನಲ್ ಬ್ಯಾಂಕ್ ಹಗರಣದ ಆರೋಪಿ ಮೆಹುಲ್ ಚೋಕ್ಸಿ 2017ರಲ್ಲಿ ಆಂಟಿಗುವಾ ಪೌರತ್ವ ಪಡೆದು, 2018ರ ಜನವರಿಯಲ್ಲಿ ದೇಶ ಬಿಟ್ಟದ್ದು ಎಲ್ಲರಿಗೂ ಗೊತ್ತು. 2025ರ ಏಪ್ರಿಲ್‌ನಲ್ಲಿ ಬೆಲ್ಜಿಯಂನಲ್ಲಿ ಬಂಧನವಾಯಿತು. ಇಂಥ ಒಬ್ಬಿಬ್ಬರ ದೆಸೆಯಿಂದ ನ್ಯಾಯವಾಗಿ ದುಡಿದವನ ಪಾಸ್‌ಪೋರ್ಟನ್ನೂ ವಿಮಾನ ನಿಲ್ದಾಣದಲ್ಲಿ ಎರಡು ಸಲ ತಿರುವಿ ನೋಡುತ್ತಾರೆ.

ಮೋಸದ ಮಾತೂ ಇದೆ. 2025ರ ಜುಲೈನಲ್ಲಿ, ಸುಮಾರು 23 ಲಕ್ಷ ರೂಪಾಯಿ ಕೊಟ್ಟರೆ ಭಾರತೀಯರಿಗೆ ದುಬೈಯ ಆಜೀವ ಗೋಲ್ಡನ್ ವೀಸಾ ಎಂಬ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಎರಡು ಮೂರು ದಿನದಲ್ಲಿ ಅಲ್ಲಿನ ಸರ್ಕಾರವೇ "ಅಂಥದ್ದೇನೂ ಇಲ್ಲ" ಎಂದು ಹೇಳಿಕೆ ಕೊಟ್ಟಿತು. ಅಲ್ಲಿ ಆಸ್ತಿ ಮೇಲೆ ಸಿಗುವ ಗೋಲ್ಡನ್ ವೀಸಾಕ್ಕೆ 20 ಲಕ್ಷ ದಿರ್ಹಮ್ ಬೆಲೆಯ ಆಸ್ತಿ ಬೇಕು. ಅದೂ ಹತ್ತು ವರ್ಷದ ವಾಸಕ್ಕೆ, ಪೌರತ್ವಕ್ಕಲ್ಲ.

ಇತ್ತ ಕಳೆದುಕೊಳ್ಳುವುದೇನು?

ಅಸಲು ವಿಷಯ ಇಲ್ಲಿದೆ, ಇದನ್ನು ಏಜೆಂಟರು ಹೇಳುವುದಿಲ್ಲ. ಭಾರತದಲ್ಲಿ ಎರಡು ಪೌರತ್ವಕ್ಕೆ ಜಾಗವಿಲ್ಲ. 1955ರ ಪೌರತ್ವ ಕಾಯಿದೆಯ 9ನೇ ಕಲಮಿನಂತೆ, ತಾನಾಗಿ ಬೇರೆ ದೇಶದ ಪೌರತ್ವ ಪಡೆದವನ ಭಾರತೀಯ ಪೌರತ್ವ ಆ ಕ್ಷಣವೇ ಹೋಯಿತು. ಎರಡೂ ಪಾಸ್‌ಪೋರ್ಟು ಟ್ರಂಕಿನಲ್ಲಿಟ್ಟುಕೊಂಡು ಬೇಕಾದಾಗ ಬೇಕಾದ್ದು ತೋರಿಸುತ್ತೇನೆ ಎಂದರೆ ನಡೆಯುವುದಿಲ್ಲ, ದಂಡ ಬೀಳುತ್ತದೆ. 2022ರಲ್ಲಿ 2,25,620 ಮಂದಿ, 2024ರಲ್ಲಿ 2,06,378 ಮಂದಿ ಭಾರತದ ಪೌರತ್ವ ಬಿಟ್ಟರೆಂದು ಕೇಂದ್ರ ಸರ್ಕಾರ ಸಂಸತ್ತಿಗೆ ಲೆಕ್ಕ ಕೊಟ್ಟಿದೆ.

ಹೀಗೆ ಬಿಟ್ಟವರಿಗೆ "ಓಸಿಐ" ಎಂಬ ಚೀಟಿ ಸಿಗುತ್ತದೆ. 2006ರಿಂದ ಇರುವ ವ್ಯವಸ್ಥೆ. ವೀಸಾ ಇಲ್ಲದೆ ಬಂದು ಹೋಗಬಹುದು, ಎಷ್ಟು ದಿನ ಬೇಕಾದರೂ ಇರಬಹುದು. ಓಟಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ಇವಕ್ಕಿಂತ ದೊಡ್ಡ ಮಾತು: ಕೃಷಿ ಜಮೀನು, ತೋಟ, ತೋಟದ ಮನೆ ಕೊಳ್ಳುವಂತಿಲ್ಲ. ಬೆಂಗಳೂರಿನಲ್ಲಿ ಎಷ್ಟು ಫ್ಲಾಟು ಬೇಕಾದರೂ ಕೊಳ್ಳಬಹುದು, ನೊಣವಿನಕೆರೆಯಲ್ಲಿ ಒಂದು ಗುಂಟೆ ತೆಂಗಿನ ತೋಟ ಕೊಳ್ಳುವಂತಿಲ್ಲ. ದಾನಪತ್ರದ ಮೂಲಕವೂ ತೆಗೆದುಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ, ವಾರಸಿನಿಂದ ಬಂದರೆ ಮಾತ್ರ ಇಟ್ಟುಕೊಳ್ಳಬಹುದು. ಮಾರುವುದಾದರೆ ಭಾರತದಲ್ಲೇ ವಾಸವಿರುವ ಭಾರತದ ಪ್ರಜೆಗೇ ಮಾರಬೇಕು. ಭಾರತದ ಪಾಸ್‌ಪೋರ್ಟು ಇಟ್ಟುಕೊಂಡೇ ವಿದೇಶದಲ್ಲಿ ನೆಲೆಸಿದವರಿಗೂ ಕೊಳ್ಳುವ ವಿಷಯದಲ್ಲಿ ಇದೇ ಕಟ್ಟು. ಆದರೆ ಅವರು ಊರಿಗೆ ಹಿಂತಿರುಗಿ ನೆಲೆಸಿದರೆ ಈ ಬೇಲಿ ಇರುವುದಿಲ್ಲ. ಪೌರತ್ವ ಬಿಟ್ಟವನಿಗೆ ಬೇಲಿ ಹಾಗೇ ಉಳಿಯುತ್ತದೆ.

ಈಗ ಲೆಕ್ಕ ಹಾಕಿ. ಒಬ್ಬ ಯಜಮಾನರು ಮಗನಿಗಾಗಿ ಐದೆಕರೆ ತೋಟ ಮಾರಿ ದ್ವೀಪದ ಪಾಸ್‌ಪೋರ್ಟು ಕೊಡಿಸಿದರು ಎನ್ನಿ. ಹತ್ತು ವರ್ಷದ ಮೇಲೆ ಮಗನಿಗೆ ಹೊರದೇಶ ಸಾಕಾಯಿತು, ಕೈಯಲ್ಲಿ ದುಡ್ಡೂ ಇದೆ, ಅದೇ ತೋಟ ಮಾರಾಟಕ್ಕೂ ಇದೆ. ಆದರೂ ಅವನು ಕೊಳ್ಳುವಂತಿಲ್ಲ! ಅಪ್ಪ ಮಾರದೆ ಇಟ್ಟಿದ್ದರೆ ವಾರಸಿನಿಂದ ತಾನಾಗಿ ಬರುತ್ತಿದ್ದ ತೋಟ, ಒಮ್ಮೆ ಕೈಬಿಟ್ಟರೆ ಕೋಟಿ ಸುರಿದರೂ ಬಾರದು.

ಕೊಳ್ಳುವವರು ಯಾರು?

ಆ ಐದೆಕರೆ ಹೋಗುವುದೆಲ್ಲಿಗೆ? ಇದು ಅಂಗಡಿಯವರೂ ಯೋಚಿಸಬೇಕಾದ ಪ್ರಶ್ನೆ. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಒಕ್ಕಲುತನದವರಲ್ಲದವರು ಜಮೀನು ಕೊಳ್ಳದಂತೆ 79ಎ, 79ಬಿ, 80ನೇ ಕಲಮುಗಳ ಬೇಲಿ ಹಾಕಿದ್ದರು. ಬೇರೆ ಆದಾಯ ಇಂತಿಷ್ಟು ದಾಟಿದವನಿಗೆ ಜಮೀನಿಲ್ಲ ಎಂಬ ಮಿತಿ ಇತ್ತು, 2015ರಲ್ಲಿ ಅದನ್ನು 25 ಲಕ್ಷಕ್ಕೆ ಏರಿಸಿದರು. ಬೇಲಿಯಲ್ಲಿ ಕಂಡಿಗಳಿದ್ದವು, ಕಂದಾಯ ಕಚೇರಿಗಳಲ್ಲಿ ಆ ಕಲಮುಗಳ ಹೆಸರಿನಲ್ಲಿ ವಸೂಲಿಯೂ ನಡೆಯುತ್ತಿತ್ತು ಎಂಬ ದೂರಿತ್ತು. 2020ರಲ್ಲಿ ಸುಗ್ರೀವಾಜ್ಞೆ, ಅನಂತರ ತಿದ್ದುಪಡಿ ಕಾಯಿದೆ ಬಂದು ಬೇಲಿಯೇ ಹೋಯಿತು.

ಪರಿಣಾಮದ ವಿಚಿತ್ರ ನೋಡಿ. ತೆಂಗಿನ ಸಸಿಗೂ ಅಡಿಕೆ ಸಸಿಗೂ ವ್ಯತ್ಯಾಸ ತಿಳಿಯದ ಬೆಂಗಳೂರಿನ ಹಣವಂತ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಕಾರು ನಿಲ್ಲಿಸಿ ತೋಟ ಕೊಳ್ಳಬಹುದು. ಅದೇ ತೋಟದಲ್ಲಿ ಆಡಿ ಬೆಳೆದು, ಕಾಯಿ ಆಯ್ದ ಹುಡುಗ ಹೊರದೇಶದ ಪಾಸ್‌ಪೋರ್ಟು ಪಡೆದಿದ್ದರೆ ಪಕ್ಕದ ಅರ್ಧ ಎಕರೆಯನ್ನೂ ಕೊಳ್ಳುವಂತಿಲ್ಲ. ಹಣವಂತನ ತೋಟಕ್ಕೆ ತಂತಿ ಬೇಲಿ, ಕಾವಲುಗಾರ. ಕಾಯಿ ಕೀಳುವವರಿಗೆ, ಸುಲಿಯುವವರಿಗೆ ಕೂಲಿ ಸಿಕ್ಕರೆ ಸಿಕ್ಕಿತು. ಪೇಟೆಯ ಅಂಗಡಿಯಲ್ಲಿ ವರ್ಷಕ್ಕೊಮ್ಮೆ ಬಾಕಿ ತೀರಿಸಿ ಬಟ್ಟೆ, ಬೇಳೆ, ಬೆಳ್ಳಿ ಕೊಳ್ಳುತ್ತಿದ್ದ ಮನೆ ಮಾತ್ರ ಕಡಿಮೆಯಾಯಿತು. ಸ್ಪೇನಿನವರು ಮನೆಯ ವಿಷಯದಲ್ಲಿ ಅಂಜಿದ್ದನ್ನೇ ನಾವು ತೋಟದ ವಿಷಯದಲ್ಲಿ ಅಂಜಬೇಕಾಗಿದೆ.

ನಮ್ಮ ದೇಶ ಏನು ಮಾರುತ್ತದೆ?

ಹಾಗಾದರೆ ಭಾರತ ಹಣಕ್ಕೆ ಪೌರತ್ವ ಕೊಡುತ್ತದೆಯೇ? ಇಲ್ಲ. 2016ರ ಆಗಸ್ಟ್ 31ರಂದು ಕೇಂದ್ರ ಸಂಪುಟ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು: 18 ತಿಂಗಳಲ್ಲಿ 10 ಕೋಟಿ ಅಥವಾ 36 ತಿಂಗಳಲ್ಲಿ 25 ಕೋಟಿ ಹೂಡಿ, ವರ್ಷಕ್ಕೆ 20 ಭಾರತೀಯರಿಗೆ ಕೆಲಸ ಕೊಡುವ ವಿದೇಶೀಯನಿಗೆ ಹತ್ತು ವರ್ಷ ವಾಸದ ಅನುಮತಿ. ವಾಸಕ್ಕೆ ಒಂದು ಮನೆ ಕೊಳ್ಳಬಹುದು. ಪೌರತ್ವ ಬೇಕೆಂದರೆ ಅರ್ಜಿಯ ಹಿಂದಿನ ಹನ್ನೆರಡು ತಿಂಗಳು, ಅದಕ್ಕೂ ಹಿಂದಿನ 14 ವರ್ಷಗಳಲ್ಲಿ 11 ವರ್ಷ ಇಲ್ಲಿ ಇದ್ದಿರಬೇಕು. ಕೋಟಿ ತಂದವನೂ ದಿನ ಎಣಿಸಲೇಬೇಕು. ಇದು ಸರಿಯಾದ ನಿಲುವು ಎಂದೇ ಈ ಅಂಕಣದ ಅಭಿಪ್ರಾಯ.

ಹೋಗುವವರನ್ನು ತಡೆಯುವುದು ನಮ್ಮ ಉದ್ದೇಶವಲ್ಲ. ಓದಿನಿಂದ, ಕೆಲಸದಿಂದ, ವರ್ಷಗಟ್ಟಲೆ ದುಡಿದು ಅಲ್ಲಿನ ಪೌರತ್ವ ಪಡೆದವರಿಗೆ ಶುಭವಾಗಲಿ. ಮರ ಹತ್ತುವ ಮುಂಚೆ ಹಗ್ಗ ನೋಡಿಕೊಳ್ಳಿ ಎಂಬುದಷ್ಟೇ ಮಾತು. ಒಂದು, ಪಹಣಿ ಇನ್ನೂ ತೀರಿಕೊಂಡ ತಾತನ ಹೆಸರಿನಲ್ಲಿದ್ದರೆ ಮೊದಲು ಪೌತಿ ಖಾತೆ ಮಾಡಿಸಿ. ಮಕ್ಕಳೆಲ್ಲ ಇನ್ನೂ ಭಾರತದ ಪ್ರಜೆಗಳಾಗಿರುವಾಗಲೇ ವಿಭಾಗವಾಗಲಿ. 2005ರಿಂದ ಹೆಣ್ಣುಮಕ್ಕಳಿಗೂ ಸಮಪಾಲು ಎಂಬುದು ನೆನಪಿರಲಿ. ಎರಡು, ಹೊರದೇಶಕ್ಕೆ ಹಣ ಕಳಿಸಲು ಒಬ್ಬರಿಗೆ ವರ್ಷಕ್ಕೆ ಎರಡೂವರೆ ಲಕ್ಷ ಡಾಲರು ಮಿತಿ. ಹೂಡಿಕೆಗೆಂದು ಕಳಿಸುವಾಗ 10 ಲಕ್ಷ ರೂಪಾಯಿ ದಾಟಿದ ಭಾಗಕ್ಕೆ ನೂರಕ್ಕೆ ಇಪ್ಪತ್ತರಂತೆ ತೆರಿಗೆಯನ್ನು ಬ್ಯಾಂಕಿನವರು ಮುಂಗಡ ಹಿಡಿಯುತ್ತಾರೆ. ಮೂರು, ಏಜೆಂಟನ ಮಾತನ್ನು ಆ ದೇಶದ ಸರ್ಕಾರಿ ಪ್ರಕಟಣೆಯೊಂದಿಗೆ ತಾಳೆ ನೋಡದೆ ಮುಂಗಡ ಕೊಡಬೇಡಿ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಆ ದ್ವೀಪಗಳು ನಾಳೆ ಕಾನೂನು ಬದಲಾಯಿಸಿದರೆ ಕೇಳುವವರಿಲ್ಲ. ಸೈಪ್ರಸ್, ಮಾಲ್ಟಾ ಬದಲಾಯಿಸಿಯೇ ಇವೆ. ತೆಂಗಿನ ಸಸಿ ನೆಟ್ಟವನು ಫಲಕ್ಕೆ ಆರೇಳು ವರ್ಷ ಕಾದು, ಆಮೇಲೆ ಮೊಮ್ಮಕ್ಕಳ ಕಾಲದವರೆಗೆ ಕಾಯಿ ಕೀಳುತ್ತಾನೆ. ಅಂಥದ್ದನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕಾದ ಪುಸ್ತಕಕ್ಕೆ ಅದಲು ಬದಲು ಮಾಡುವ ಮುಂಚೆ ಮನೆಯವರೆಲ್ಲ ಒಂದು ರಾತ್ರಿ ಕೂತು ಲೆಕ್ಕ ಹಾಕುವುದು ಒಳ್ಳೆಯದು.